ಗುಟ್ಟು ರಟ್ಟಾದ ಮೇಲೆ ಕೊಲಂಬೊ

ಪತ್ತೇದಾರಿ ಕಥೆಯನ್ನು ಎರಡನೆಯ ಸಲ ಓದುವವರು ವಿರಳ. ಪತ್ತೇದಾರಿ ಧಾರಾವಾಹಿಯನ್ನು ಎರಡನೆಯ ಸಲ ನೋಡುವವರು ಇನ್ನೂ ವಿರಳವೆಂಬುದು ಸಾಮಾನ್ಯವಾದ ನಂಬಿಕೆ. ಕೊಂದವನಾರೆಂಬ ಒಂದೇ ಪ್ರಶ್ನೆಯನ್ನು ನಂಬಿ ನಿಂತ ಕಥೆಯಲ್ಲಿ, ಆ ಪ್ರಶ್ನೆಗೆ ಉತ್ತರ ದೊರೆತ ಬಳಿಕ ಉಳಿಯುವುದು ರಸ ಹೀರಿದ ಕಬ್ಬಿನ ಸಿಪ್ಪೆಯಲ್ಲದೆ ಮತ್ತೇನು? ಅಮೆರಿಕದ ದೂರದರ್ಶನದಲ್ಲಿ 1968ರಿಂದ 2003ರವರೆಗೆ ಬಿಟ್ಟು ಬಿಟ್ಟು ಪ್ರಸಾರವಾಗಿ, ಒಟ್ಟು 69 ಕಥೆಗಳಷ್ಟು ಬೆಳೆದ ‘ಕೊಲಂಬೊ’ ಧಾರಾವಾಹಿಯು ಈ ನಂಬಿಕೆಯನ್ನು ಬುಡಮೇಲು ಮಾಡುತ್ತದೆ. ಏಕೆಂದರೆ ಅದರಲ್ಲಿ ಗುಟ್ಟು ಮೊದಲೇ ರಟ್ಟಾಗಿರುತ್ತದೆ. ಕೊಲೆಗಾರನು ಯಾರು, ಏಕೆ ಕೊಂದನು, ಸುಳಿವನ್ನು ಅಳಿಸಲು ಯಾವ ಉಪಾಯವನ್ನು ಹೂಡಿದನು ಎಂಬುದೆಲ್ಲವನ್ನೂ ಪ್ರೇಕ್ಷಕನ ಕಣ್ಣೆದುರಿಗೆ ಬಿಚ್ಚಿಟ್ಟು, ಅನಂತರವೇ ಪತ್ತೇದಾರನನ್ನು ತೆರೆಯ ಮೇಲೆ ತರುವುದು ಬಹುಮಟ್ಟಿಗೆ ಅದರ ಕ್ರಮ.

ಈ ಕಥನಕ್ರಮವು ದೂರದರ್ಶನದವರು ಕಂಡುಹಿಡಿದುದಲ್ಲ. ಇಂಗ್ಲೆಂಡಿನ ಆರ್. ಆಸ್ಟಿನ್ ಫ್ರೀಮನ್ ತನ್ನ 1912ರ ‘ದಿ ಸಿಂಗಿಂಗ್ ಬೋನ್’ ಎಂಬ ಸಂಕಲನದಲ್ಲಿ ಇದನ್ನು ಬಳಸಿದ್ದನು. ಅದಕ್ಕೂ ಬಹು ಹಿಂದೆ, 1866ರ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ, ದಾಸ್ತೊಯೆವ್‌ಸ್ಕಿಯ ತನಿಖಾಧಿಕಾರಿಯಾದ ಪೊರ್ಫಿರಿ ಪೆತ್ರೋವಿಚ್, ಹರಟೆಯಂತೆ ತೋರುವ ಮಾತುಗಳಿಂದಲೇ ಕೊಲೆಗಾರನ ಮನಶ್ಶಾಂತಿಯನ್ನು ಕದಡಿದ್ದನು. ಕೊಲಂಬೊವನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಈ ಪೊರ್ಫಿರಿಯ ಋಣವನ್ನು ಒಪ್ಪಿಕೊಂಡವರು. 1962ರಲ್ಲಿ ರಂಗವನ್ನೇರಿದ್ದ ಅವರ ‘ಪ್ರಿಸ್ಕ್ರಿಪ್ಷನ್: ಮರ್ಡರ್’ ನಾಟಕವು 1968ರಲ್ಲಿ ದೂರದರ್ಶನದ ಚಿತ್ರವಾದಾಗ ಪೀಟರ್ ಫಾಕ್ ಮೊದಲ ಬಾರಿಗೆ ಈ ಪಾತ್ರವನ್ನು ಧರಿಸಿದನು. 1971ರಲ್ಲಿ ಧಾರಾವಾಹಿಯು ಕ್ರಮವಾಗಿ ಆರಂಭವಾದಾಗ ಅದರ ಮೊದಲ ಕಥೆಯನ್ನು ನಿರ್ದೇಶಿಸಿದವನು, ಆಗಿನ್ನೂ ಹೆಸರು ಮಾಡದಿದ್ದ ತರುಣ ಸ್ಟೀವನ್ ಸ್ಪೀಲ್‌ಬರ್ಗ್.

ಮೊದಲ ವೀಕ್ಷಣೆಯಲ್ಲಿ ಮನಸ್ಸನ್ನು ಸೆಳೆಯುವುದು ಬಡವ ಬಲ್ಲಿದರ ಪಂದ್ಯ. ಕೊಲೆಗಾರರು ಹೆಚ್ಚಾಗಿ ಲಾಸ್ ಏಂಜಲೀಸ್ ನಗರದ ಗಣ್ಯರು: ವೈದ್ಯರು, ವಕೀಲರು, ಚಿತ್ರತಾರೆಯರು, ಉದ್ಯಮಪತಿಗಳು. ಅವರ ಭವ್ಯಭವನಗಳ ಮುಂದೆ ಹಳೆಯ ಪ್ಯೂಜೊ 403 ಕಾರೊಂದು ಏದುಸಿರು ಬಿಡುತ್ತ ಬಂದು ನಿಲ್ಲುತ್ತದೆ. ಅದರಿಂದ ಇಳಿಯುವವನು ಕೆದರಿದ ತಲೆಯ, ಮುದುಡಿದ ಮಳೆಯಂಗಿಯ, ಕೈಯಲ್ಲಿ ಸಿಗಾರು ಹಿಡಿದ ಲೆಫ್ಟಿನೆಂಟ್ ಕೊಲಂಬೊ. ಆ ಮಳೆಯಂಗಿಯು ಫಾಕ್‌ನ ಸ್ವಂತದ್ದು. ಬಾಲ್ಯದಲ್ಲಿಯೇ ಬಲಗಣ್ಣನ್ನು ಕಳೆದುಕೊಂಡಿದ್ದ ಆ ನಟನ ಓರೆನೋಟವೂ ಪಾತ್ರಕ್ಕೆ ಸಹಜವಾಗಿ ಒದಗಿಬಂದಿತು. ಜೇಬನ್ನೆಲ್ಲ ತಡಕಿ, ಪೆನ್ಸಿಲು ಸಿಕ್ಕದೆ, ಕೊಲೆಗಾರನಿಂದಲೇ ಎರವಲು ಬೇಡುವನು. ತೆರೆಯ ಮೇಲೆ ಎಂದೂ ಕಾಣಿಸದ ತನ್ನ ಹೆಂಡತಿಯ ಮಾತು ತೆಗೆಯುವನು. ಬಾಗಿಲ ಬಳಿಗೆ ಹೋದವನು, ಇನ್ನೊಂದೇ ಒಂದು ಮಾತು ಮರೆತೆನೆಂದು ಹಿಂದಿರುಗಿ, ಮರ್ಮಕ್ಕೆ ತಗಲುವ ಪ್ರಶ್ನೆಯನ್ನು ಆಗಲೇ ಕೇಳುವನು. ಇಂಥವನಿಗೆ ಚಳ್ಳೆಹಣ್ಣು ತಿನ್ನಿಸುವುದು ಎಷ್ಟರ ಕೆಲಸವೆಂದು ಭಾವಿಸಿದ ಸಿರಿವಂತನು ತಾನೇ ತಿಂದು ಕುಳಿತಿರುವುದನ್ನು ಕಾಣುವ ಸುಖಕ್ಕೆ ಯಾವ ದೇಶದ ಪ್ರೇಕ್ಷಕನೂ ಹೊರತಲ್ಲ.

ಈ ಪಂದ್ಯದ ಸೊಗಸು ಪೂರ್ಣವಾಗಿ ಕಾಣುವುದು 1973ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’ ಎಂಬ ಕಥೆಯಲ್ಲಿ. ಏಡ್ರಿಯನ್ ಕಾರ್ಸೀನಿ ಎಂಬ ದ್ರಾಕ್ಷಾರಸದ ಉಪಾಸಕನು, ತನ್ನ ಪ್ರಾಣವೇ ಆಗಿರುವ ವೈನ್ ತಯಾರಿಕೆಯ ಸಂಸ್ಥೆಯನ್ನು ಮಾರಲು ಹೊರಟ ಮಲತಮ್ಮನನ್ನು ಹೊಡೆದು ಕೆಡವಿ, ನೆಲಮಾಳಿಗೆಯಲ್ಲಿ ಕೂಡಿಹಾಕಿ, ಅಲ್ಲಿಯ ಹವಾನಿಯಂತ್ರಣವನ್ನು ನಿಲ್ಲಿಸಿ ನ್ಯೂಯಾರ್ಕಿಗೆ ಹೊರಟುಹೋಗುತ್ತಾನೆ. ಅವನಿಲ್ಲದ ಆ ದಿನಗಳಲ್ಲಿ ಬಿಸಿಲು ವಿಪರೀತವಾಗಿ ಏರಿತೆಂಬುದು ಅವನಿಗೆ ತಿಳಿಯದು. ಕೊಲಂಬೊ ವೈನಿನ ವಿಷಯವನ್ನು ವಿದ್ಯಾರ್ಥಿಯಂತೆ ಕಲಿತು, ಒಂದು ರಾತ್ರಿ ಅವನನ್ನು ಊಟಕ್ಕೆ ಕರೆದು, ಅಪೂರ್ವವಾದ ಹಳೆಯ ಪೋರ್ಟ್ ವೈನನ್ನು ತರಿಸುತ್ತಾನೆ. ಕಾರ್ಸೀನಿಯು ಒಂದು ಗುಟುಕು ಹೀರಿದ್ದೇ ತಡ, ಇದು ಸೆಖೆಗೆ ಸಿಕ್ಕಿ ಕೆಟ್ಟಿದೆಯೆಂದು ಹೋಟೆಲಿನವರ ಮೇಲೆ ಕೆಂಡ ಕಾರುತ್ತಾನೆ. ಆ ಸೀಸೆಯೋ ಅವನ ನೆಲಮಾಳಿಗೆಯದೇ! ಜಗತ್ತಿನಲ್ಲಿ ಕೆಲವೇ ಮಂದಿಗೆ ಸಾಧ್ಯವಾದ ಆ ರುಚಿಜ್ಞಾನದಿಂದ ಅವನ ನಾಲಗೆಯೇ ಅವನ ವಿರುದ್ಧ ಸಾಕ್ಷಿ ನುಡಿಯುತ್ತದೆ.

ಮರುವೀಕ್ಷಣೆಯಲ್ಲಿ ಇದೇ ಔತಣವು ಬೇರೊಂದು ಮುಖವನ್ನು ತೋರುತ್ತದೆ. ಸೀಸೆಯನ್ನು ಹೇಳದೆ ಕೇಳದೆ ಎತ್ತಿ ತಂದವನು ಪೊಲೀಸಿನವನು, ಆತಿಥ್ಯವು ಬಲೆ, ವಿನಯವು ವೇಷ. 1972ರಲ್ಲಿ ಲಂಡನ್ನಿನಲ್ಲಿ ನಡೆಯುವ ‘ಡ್ಯಾಗರ್ ಆಫ್ ದಿ ಮೈಂಡ್’ ಕಥೆಯಲ್ಲಂತೂ ಅವನು ಕೊಡೆಯೊಳಕ್ಕೆ ಮುತ್ತೊಂದನ್ನು ಕೈಚಳಕದಿಂದ ಚಿಮ್ಮಿ, ಸಾಕ್ಷ್ಯವನ್ನು ತಾನೇ ನಿರ್ಮಿಸುತ್ತಾನೆ. ಇದನ್ನೆಲ್ಲ ನಾವು ಏಕೆ ಸಹಿಸುತ್ತೇವೆ? ಕೊಲೆಯನ್ನು ನಾವು ಕಣ್ಣಾರೆ ಕಂಡಿದ್ದೇವೆಂಬ ಒಂದೇ ಕಾರಣಕ್ಕೆ. ಪತ್ತೇದಾರನ ಪ್ರತಿಯೊಂದು ಸುಳ್ಳಿಗೂ ಕಥೆಯ ಮೊದಲ ಭಾಗವು ಮುಂಗಡವಾಗಿ ಕ್ಷಮೆಯನ್ನು ಬರೆದುಕೊಟ್ಟಿರುತ್ತದೆ. ಬಂಧನದಲ್ಲಿರುವವನನ್ನು ಪ್ರಶ್ನಿಸುವ ಮೊದಲು ಅವನಿಗೆ ಮೌನದ ಹಕ್ಕನ್ನೂ ವಕೀಲನ ನೆರವನ್ನೂ ತಿಳಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು 1966ರಲ್ಲಿ ವಿಧಿಸಿತು. ಅದಾದ ಎರಡೇ ವರ್ಷಕ್ಕೆ ತೆರೆಗೆ ಬಂದ ಕೊಲಂಬೊ ಸಾಮಾನ್ಯವಾಗಿ ಯಾರನ್ನೂ ಮೊದಲೇ ಬಂಧಿಸುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಅತಿಥಿಯಂತೆ ಮನೆಗೆ ಬರುತ್ತಾನೆ, ಅಷ್ಟೆ.

ಈ ಪದ್ಧತಿಯ ಕಟುತ್ವವನ್ನು 1968ರ ಆ ಮೊದಲ ಚಿತ್ರವೇ ಮರೆಮಾಚದೆ ತೋರಿಸಿತ್ತೆಂಬುದು ಮತ್ತೆ ನೋಡಿದಾಗಲೇ ಅರಿವಾಗುತ್ತದೆ. ಅಲ್ಲಿ ಮನೋವೈದ್ಯನಾದ ಫ್ಲೆಮಿಂಗ್ ತನ್ನ ಹೆಂಡತಿಯನ್ನು ಕೊಲ್ಲಲು, ತನ್ನನ್ನು ಪ್ರೀತಿಸುವ ಜೋನ್ ಎಂಬ ರೋಗಿಯ ನೆರವನ್ನು ಪಡೆದಿರುತ್ತಾನೆ. ವೈದ್ಯನು ಜಗ್ಗದಿರಲು ಕೊಲಂಬೊ ಆ ದುರ್ಬಲೆಯ ಕಡೆಗೆ ತಿರುಗುತ್ತಾನೆ. ಮುಗುಳ್ನಗೆ ಮಾಯವಾಗಿ, ದನಿ ಏರಿ, ನೀನು ಮುರಿದು ಬೀಳುವವರೆಗೂ ನಿನ್ನನ್ನು ಬಿಡೆನೆಂದು ಗದರಿಸುತ್ತಾನೆ. ಜೋನ್ ತಪ್ಪಿತಸ್ಥಳೆಂಬುದು ನಮಗೆ ಗೊತ್ತು. ಆದರೂ ಆ ದೃಶ್ಯದಲ್ಲಿ ಚಪ್ಪಾಳೆಗೆ ಕೈ ಏಳದು. ಮುಂದಿನ ವರ್ಷಗಳಲ್ಲಿ ಕಥೆಗಾರರು ಈ ಒರಟುತನವನ್ನು ತೇಯ್ದು, ಎದುರಾಳಿಗಳನ್ನಾಗಿ ಬಲಿಷ್ಠರನ್ನೇ ಹೆಚ್ಚಾಗಿ ಆರಿಸಿಕೊಂಡುದು ಸಕಾರಣವಾಗಿಯೇ ಇದ್ದಿತು.

ಅವನ ಕರುಣೆಯೂ ಈ ಬೇರಿನಿಂದಲೇ ಹುಟ್ಟಿದುದು. 1975ರ ‘ಫರ್ಗಾಟನ್ ಲೇಡಿ’ಯಲ್ಲಿ ಜ್ಯಾನೆಟ್ ಲೀ ಅಭಿನಯಿಸಿದ ವೃದ್ಧತಾರೆ ಗ್ರೇಸ್ ವೀಲರ್, ಮತ್ತೆ ರಂಗಕ್ಕೆ ಮರಳಲು ಹಣ ಕೊಡದ ಗಂಡನನ್ನು ಕೊಂದಿರುತ್ತಾಳೆ. ಮೆದುಳಿನ ವ್ಯಾಧಿಯಿಂದ ಅವಳ ನೆನಪು ಅಳಿಯುತ್ತಿದೆ. ತಾನು ಕೊಂದುದೇ ಅವಳಿಗೆ ನೆನಪಿಲ್ಲ. ಬದುಕಲು ಉಳಿದಿರುವುದೂ ಸ್ವಲ್ಪವೇ ಕಾಲ. ಅವಳ ಹಳೆಯ ಜೊತೆಗಾರನಾದ ನಟನು ಅಪರಾಧವನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡಾಗ, ಸುಳ್ಳೆಂದು ಬಲ್ಲ ಕೊಲಂಬೊ ಆ ತಪ್ಪೊಪ್ಪಿಗೆಯನ್ನು ಸ್ವೀಕರಿಸುತ್ತಾನೆ. ಕಣ್ಣು ತೇವವಾಗುವುದು ಸಹಜ. ಆದರೆ ಲಂಡನ್ನಿನಲ್ಲಿ ಮುತ್ತನ್ನು ಚಿಮ್ಮಿದ ಕೈಯೂ ಇಲ್ಲಿ ಸತ್ಯವನ್ನು ಮುಚ್ಚಿದ ಕೈಯೂ ಒಂದೇ. ಎರಡು ಕಡೆಯೂ ಅವನು ಪೊಲೀಸನಾಗಿದ್ದುಕೊಂಡೇ ನ್ಯಾಯಾಧೀಶನ ಪೀಠವನ್ನೇರಿದ್ದಾನೆ.

ಇಷ್ಟೆಲ್ಲ ಅರಿತ ಮೇಲೂ ಕೊಲಂಬೊವಿನ ಮೇಲಿನ ಅಕ್ಕರೆ ಕಡಿಮೆಯಾಗದು. ಆ ಅಕ್ಕರೆಗೆ ಆಧಾರವೇನೆಂಬುದು ಮಾತ್ರ ಸ್ಪಷ್ಟವಾಗುತ್ತದೆ. ಅವನನ್ನು ನಾವು ನಂಬುವುದು ಅವನು ಬಹುಮಟ್ಟಿಗೆ ತಪ್ಪು ಮನುಷ್ಯನನ್ನು ಸಂಶಯಿಸದುದರಿಂದ. ಅವನು ತಪ್ಪದಿರುವುದು, ಕಥೆಗಾರರು ಹಾಗೆ ಏರ್ಪಡಿಸಿರುವುದರಿಂದ. ಲೋಕದ ಯಾವ ಠಾಣೆಯ ಯಾವ ಅಧಿಕಾರಿಗೂ ಕೊಲೆಯ ಆ ಮೊದಲ ದೃಶ್ಯವನ್ನು ಯಾರೂ ಮುಂಚಿತವಾಗಿ ತೋರಿಸುವುದಿಲ್ಲ. ಅದನ್ನು ಕಾಣದೆಯೂ ಕಂಡವನಂತೆ ವರ್ತಿಸುವ ಅಧಿಕಾರಿಯ ಕೈಗೆ ನಿರಪರಾಧಿಯೊಬ್ಬನು ಸಿಕ್ಕರೆ, ಅವನ ಗತಿಯನ್ನು ಹೇಳುವ 70ನೆಯ ಕಥೆಯನ್ನು ಈ ಧಾರಾವಾಹಿಯು ಬರೆಯಲಿಲ್ಲ.