ಮೋಡದೊಳಗೆ ದಾರಿ ಹುಡುಕೋದು ಹೇಗೆ?

ಡಿಸೆಂಬರ್‌ನಲ್ಲಿ ಚನ್ನರಾಯಪಟ್ಟಣದಿಂದ ಬೆಳಿಗ್ಗೆ ಬೇಗ ಬಸ್ಸು ಹತ್ತಿ ಕಾಲೇಜಿಗೆ ಬರುವವರಿಗೆ ಮಂಜು ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ದಾರಿ ತೀರಾ ಕಾಣದಿದ್ರೆ ಡ್ರೈವರ್ ಬಸ್ಸನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬಹುದು. ವಿಮಾನವನ್ನು ಹಾಗೆ ನಿಲ್ಲಿಸೋಕಾಗಲ್ಲ. ಹಾಗಾದ್ರೆ ಸಣ್ಣ ಸೆಸ್ನಾ ವಿಮಾನದಲ್ಲಿ ಒಬ್ಬನೇ ಇರುವ ಪೈಲಟ್ ಮೋಡದೊಳಗೆ ಸಿಕ್ಕಿಕೊಂಡ್ರೆ?

ಅಲ್ಲಿ ಮೊದಲು ಕೈ ಕೊಡೋದು ಕಿವಿ. ನಾವು ತಿರುಗ್ತಿದ್ದೀವಾ ಇಲ್ವಾ ಅಂತ ಹೇಳೋದು ಒಳಕಿವಿಯ ನಾಳಗಳಲ್ಲಿರುವ ದ್ರವ. ವಿಮಾನ ನಿಧಾನಕ್ಕೆ ಒಂದೇ ಸಮನೆ ತಿರುಗ್ತಾ ಇದ್ರೆ ಸ್ವಲ್ಪ ಹೊತ್ತಿಗೆ ಆ ದ್ರವವೂ ಜೊತೆಗೇ ತಿರುಗುತ್ತೆ. ಆಗ ನೇರ ಹೋಗ್ತಿದ್ದೀನಿ ಅನ್ನಿಸುತ್ತೆ. ವಿಮಾನವನ್ನು ಸರಿ ಮಾಡಿದ ಕೂಡಲೇ ಎದುರು ದಿಕ್ಕಿಗೆ ವಾಲಿದ ಹಾಗಾಗಿ, ಪೈಲಟ್ ತಾನಾಗೇ ಹಳೇ ತಿರುವಿಗೆ ಮರಳ್ತಾನೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಈ ತರಬೇತಿ ಇಲ್ಲದ 20 ಜನರಿಗೆ ಹೊರಗೇನೂ ಕಾಣದಂತೆ ಮಾಡಿ ವಿಮಾನ ಹಾರಿಸಲು ಹೇಳಿದರು. ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ!

ಅದಕ್ಕೇ ಬರೀ ಪ್ರೈವೇಟ್ ಲೈಸೆನ್ಸ್ ಇದ್ದವರು ಮೋಡದೊಳಗೆ ಹೋಗುವಂತಿಲ್ಲ, ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇರೆಯಾಗಿ ಪಡೀಬೇಕು. ಕಿಟಕಿ ಕಾಣದ ಹಾಗೆ ತಲೆಗೆ ಹುಡ್ ಹಾಕಿಸಿ ಕಲಿಸ್ತಾರೆ. ಕಣ್ಣು ಕೃತಕ ದಿಗಂತ ತೋರಿಸುವ ಉಪಕರಣದ ಮೇಲೆ, ಅಲ್ಲಿಂದ ವೇಗಕ್ಕೆ, ಮತ್ತೆ ಅಲ್ಲಿಗೇ, ಆಮೇಲೆ ಎತ್ತರಕ್ಕೆ. ಮೈ ಏನೇ ಹೇಳಲಿ, ಮುಳ್ಳು ಹೇಳಿದ್ದೇ ಸತ್ಯ.

ಇಳಿಯೋದು ಇನ್ನೂ ಕಷ್ಟ. ಎಲ್ಲಿ ಎಷ್ಟು ಎತ್ತರಕ್ಕಿಂತ ಕೆಳಗೆ ಬರಬಾರದು ಅಂತ ಸುತ್ತಲಿನ ಗುಡ್ಡ, ಟವರ್ ಲೆಕ್ಕ ಹಾಕಿ ಪ್ರತಿ ರನ್‌ವೇಗೂ ಚಾರ್ಟ್ ಮಾಡಿರ್ತಾರೆ. ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಕೊನೆಗೆ ಒಂದು ನಿರ್ಧಾರದ ಎತ್ತರ ಇರುತ್ತೆ. ರೇಡಿಯೊ ಕಿರಣಗಳ ಐಎಲ್ಎಸ್‌ನಲ್ಲಿ, ಅದರ ಮೊದಲ ದರ್ಜೆಯಲ್ಲಿ, ಇದು ನೆಲದಿಂದ 200 ಅಡಿ. ಅಲ್ಲಿಗೆ ಬಂದಾಗ ರನ್‌ವೇ ಅಥವಾ ಅದರ ದೀಪ ಕಂಡರೆ ಸರಿ. ಇಲ್ಲಾಂದ್ರೆ ಫುಲ್ ಪವರ್ ಕೊಟ್ಟು, ಚಾರ್ಟಿನಲ್ಲಿ ಬರೆದಿರೋ ದಾರಿಯಲ್ಲೇ ಮೇಲಕ್ಕೆ. ‘ಇನ್ನೊಂದು ಐವತ್ತು ಅಡಿ ನೋಡೋಣ’ ಅನ್ನೋ ಹಾಗಿಲ್ಲ. ನನಗೆ ಇಡೀ ಪದ್ಧತಿಯಲ್ಲಿ ತುಂಬಾ ಹಿಡಿಸಿದ್ದು ಇದೇ. ಸೋತರೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಮೊದಲೇ ಬರೆದಿಟ್ಟಿರ್ತಾರೆ.

‘ಇಷ್ಟೆಲ್ಲಾ ಯಾಕೋ ಮಗಾ, ಜಿಪಿಎಸ್ ಇಲ್ವಾ?’ ಅಂದ ಅರಕಲಗೂಡಿನ ನನ್ನ ರೂಮ್‌ಮೇಟ್. ಇದೆ, ಆದರೆ ಅಯಾನುಗೋಳದಲ್ಲಿ ಸಿಗ್ನಲ್ ತಡವಾಗಿ ಲೆಕ್ಕ ತಪ್ಪುತ್ತೆ, ಅದರಲ್ಲೂ ಎತ್ತರದ ಲೆಕ್ಕ ಜಾಸ್ತಿ ತಪ್ಪುತ್ತೆ. ಇದಕ್ಕೆ ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಮಾಡಿದ್ದು ‘ಗಗನ್’. ತಮ್ಮ ಜಾಗ ನಿಖರವಾಗಿ ಗೊತ್ತಿರುವ 15 ನೆಲದ ಕೇಂದ್ರಗಳು ಜಿಪಿಎಸ್ ಎಷ್ಟು ತಪ್ಪಿದೆ ಅಂತ ಅಳೆಯುತ್ತವೆ. ಆ ತಿದ್ದುಪಡಿ ಉಪಗ್ರಹಕ್ಕೆ ಹೋಗಿ, ಅಲ್ಲಿಂದ ವಿಮಾನಕ್ಕೆ ಬರುತ್ತೆ. ಸಿಗ್ನಲ್ ನಂಬೋ ಹಾಗಿಲ್ಲದಿದ್ರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರಿಕೆಯೂ ಬರುತ್ತೆ.

ಈ ಉಪಕರಣ ಹೊತ್ತು 2011ರಲ್ಲಿ ಜಿಸ್ಯಾಟ್-8, 2012ರಲ್ಲಿ ಜಿಸ್ಯಾಟ್-10 ಮೇಲೆ ಹೋದವು. ಇಂಥ ಭೂಸ್ಥಿರ ಉಪಗ್ರಹಗಳನ್ನು 36,000 ಕಿ.ಮೀ. ಎತ್ತರದಲ್ಲಿ ಅವುಗಳ ಜಾಗ ಬಿಟ್ಟು ಅಲುಗದಂತೆ ನೋಡಿಕೊಳ್ಳೋದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್! ಅಲ್ಲಿನ ದೊಡ್ಡ ಡಿಶ್‌ಗಳೆಲ್ಲ ಟಿವಿಗೆ ಅಂತಲೇ ನಾನು ಇಷ್ಟು ದಿನ ಅಂದುಕೊಂಡಿದ್ದೆ.

ರನ್‌ವೇ ಪಕ್ಕ ದುಬಾರಿ ಐಎಲ್ಎಸ್ ಇಲ್ಲದಿದ್ರೂ, ಗಗನ್‌ಗೆ ತಕ್ಕ ಚಾರ್ಟ್ ಇದ್ದು, ವಿಮಾನದಲ್ಲಿ ರಿಸೀವರ್ ಇದ್ದರೆ ಸಾಕು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ ವಿಮಾನವೊಂದು ಹೀಗೇ ಇಳಿಯಿತು. ದೇಶದಲ್ಲಿ ಅದೇ ಮೊದಲು.