ಜೇನಿಗೆ ನೀರು ಸೇರಿದಾಗ

ಪುಣೆಯಲ್ಲಿ ನೌಕರಿ ಮಾಡುವ ನಿಪ್ಪಾಣಿ, ಕಾಗವಾಡದ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಅಥಣಿಯ ನನ್ನ ದವಾಖಾನೆಗೂ ಬರುತ್ತಾರೆ. ಅಜೀರ್ಣ, ಬೆನ್ನುನೋವಿನ ಮಾತು ಮುಗಿದ ಮೇಲೆ ಕೆಲವರು ಮೆಲ್ಲಗೆ ಮೀಡ್ ವಿಷಯ ತೆಗೆಯುತ್ತಾರೆ. ಜೇನುತುಪ್ಪಕ್ಕೆ ನೀರು ಬೆರೆಸಿ ಹುದುಗಿಸಿದ ಮದ್ಯ ಅದು. ಪುಣೆಯ ಮೂನ್‌ಶೈನ್ ಮೀಡರಿಯದನ್ನು ರುಚಿ ನೋಡಿರುತ್ತಾರೆ. ‘ಮನ್ಯಾಗ ಮಾಡಾಕ ಬರ್ತದೇನ್ರಿ ಡಾಕ್ಟರ್ರ?’

ಬರುತ್ತದೆ, ಆದರೆ ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಷ್ಟನ್ನು ಮೊದಲು ಹೇಳಿ, ಆಮೇಲೆ ಒಳಕೋಣೆಯಲ್ಲಿರುವ, ಒಣದ್ರಾಕ್ಷಿಯ ಕಷಾಯ ಹುದುಗಿಸಿ ಮಾಡುವ ಔಷಧ ದ್ರಾಕ್ಷಾರಿಷ್ಟದ ಭರಣಿ ತೋರಿಸುತ್ತೇನೆ. ವೈದ್ಯರು ತಮ್ಮದೇ ರೋಗಿಗಳಿಗೆಂದು ಮಾಡಿಕೊಳ್ಳುವ ಆಯುರ್ವೇದ ಔಷಧಕ್ಕೆ 1940ರ ಔಷಧ ಕಾಯ್ದೆಯಲ್ಲಿ ವಿನಾಯಿತಿ ಇದೆ. ಮೀಡ್ ಕಲಿಯಬೇಕೆನ್ನುವವರಿಗೆ ಬೇಕಾದ ಪಾಠವೆಲ್ಲ ಈ ಭರಣಿಯೊಳಗಿದೆ.

ಪಕ್ವವಾದ ಜೇನಿನಲ್ಲಿ ನೀರಿನಂಶ ಶೇ. 18ರ ಆಸುಪಾಸು. ಅಷ್ಟು ದಟ್ಟವಾದ ಸಕ್ಕರೆ ಯೀಸ್ಟ್‌ನ ಮೈಯೊಳಗಿನ ನೀರನ್ನೇ ಹೀರಿಬಿಡುತ್ತದೆ. ಅದಕ್ಕೇ ಜೇನು ವರ್ಷಗಟ್ಟಲೆ ಕೆಡದು. ಒಂದು ಪಾಲು ಜೇನಿಗೆ ಮೂರು ಪಾಲು ನೀರು ಸೇರಿದರೆ ಯೀಸ್ಟ್ ಎಚ್ಚರಗೊಂಡು ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆದರೆ ಬರೀ ಜೇನಿನಲ್ಲಿ ಸಾರಜನಕ ತೀರಾ ಕಡಿಮೆ. ಹೊಟ್ಟೆಗಿಲ್ಲದ ಯೀಸ್ಟ್ ಕುಂಟುತ್ತದೆ, ಮೊಟ್ಟೆ ಕೊಳೆತ ನಾತ ಬರುತ್ತದೆ. ಮೀಡ್ ಮಾಡುವವರು ಪ್ರತ್ಯೇಕ ಪೋಷಕಾಂಶ ಹಾಕುವುದು ಇದಕ್ಕೇ.

ನಮ್ಮ ಶಾಸ್ತ್ರದಲ್ಲಿ ಜೇನು ಒಂಟಿಯಲ್ಲ. ಪ್ರಮಾಣ ಹೇಳದ ಅರಿಷ್ಟಗಳಿಗೆ, ಅಂದರೆ ಹುದುಗಿಸಿದ ಕಷಾಯಗಳಿಗೆ, ಆಯುರ್ವೇದದ ಗ್ರಂಥಕಾರ ಶಾರ್ಙ್ಗಧರ ಹಳೆಯ ಅಳತೆಗಳಲ್ಲಿ ಕೊಟ್ಟ ಲೆಕ್ಕ ಹೀಗೆ: ಒಂದು ದ್ರೋಣ ದ್ರವಕ್ಕೆ ಒಂದು ತುಲಾ ಬೆಲ್ಲ, ಅದರ ಅರ್ಧ ಜೇನು, ಹತ್ತನೇ ಒಂದು ಪಾಲು ಔಷಧದ ಪುಡಿ. ನನ್ನ ದ್ರಾಕ್ಷಿ ತೆಲಸಂಗದ ಕಡೆಯದು, ಮಣೂಕಾ ಎನ್ನುವ ಒಣದ್ರಾಕ್ಷಿ. ಒಣಗಿಸುವಾಗ ಅದ್ದುವ ಎಣ್ಣೆ ಮೇಲಿರುವುದರಿಂದ ಬಿಸಿನೀರಲ್ಲಿ ಚೆನ್ನಾಗಿ ತೊಳೆದು ಕಷಾಯಕ್ಕಿಡುತ್ತೇನೆ. ಜೇನು ಚಿಕ್ಕೋಡಿಯ ಹತ್ತಿರ ಪೆಟ್ಟಿಗೆ ಇಟ್ಟಿರುವ ರೈತರೊಬ್ಬರದು. ಬೆಲ್ಲ ರಾಯಬಾಗದ ಗಾಣದ್ದು, ಕಪ್ಪು ಬಣ್ಣದ್ದೇ ಬೇಕೆಂದು ಹಟ ಹಿಡಿದು ತರಿಸುತ್ತೇನೆ. ಚಿನ್ನದಂಥ ಬೆಲ್ಲಕ್ಕೆ ಬಣ್ಣ ತಿಳಿಯಾಗಲೆಂದು ಹೆಚ್ಚಾಗಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುತ್ತಾರೆ. ಅದರಿಂದ ಉಳಿಯುವ ಗಂಧಕದ ಅಂಶ ಯೀಸ್ಟ್‌ಗೆ ಆಗದು.

ಕಷಾಯ ಪೂರ್ತಿ ಆರಿದ ಮೇಲೆಯೇ ಜೇನು. ಜೇನನ್ನು ಕಾಯಿಸಬಾರದೆಂದು ಆಯುರ್ವೇದ ಹೇಳುತ್ತದೆ. ಸುವಾಸನೆ ಹಾರಿಹೋಗುತ್ತದೆಂದು ಇಂದಿನ ಮೀಡ್ ತಯಾರಕರಲ್ಲೂ ಅನೇಕರು ಕುದಿಸುವುದಿಲ್ಲ. ಆಮೇಲೆ ಒಣ ಧಾತಕಿ ಹೂವು. ಯೀಸ್ಟ್ ಆ ಹೂವಿನ ಮಕರಂದದ ಜತೆಗೇ ಬರುತ್ತದೆ.

ಭರಣಿಯ ಕಾಲು ಭಾಗ ಖಾಲಿ ಬಿಡಬೇಕು. ಬಾಯಿಯನ್ನು ಬಿಗಿಯಾಗಿ ಮುಚ್ಚಿದರೆ ಒಡೆಯುತ್ತದೆ. ಒಳಗಿನ ಗಾಳಿ ಹೊರಹೋಗಬೇಕು, ಹೊರಗಿನದು ಒಳಬರಬಾರದು. ಮುಚ್ಚಳದಿಂದ ಸಣ್ಣ ನಳಿಕೆ ತೆಗೆದು ತುದಿಯನ್ನು ನೀರಲ್ಲಿ ಮುಳುಗಿಸಿದರೆ ಸಾಕು. ಮೂರನೇ ದಿನದ ಹೊತ್ತಿಗೆ ಭರಣಿಗೆ ಕಿವಿಯಿಟ್ಟರೆ ಒಳಗೆ ಸೊಂಯ್ ಎನ್ನುವ ಸದ್ದು. ಕಡ್ಡಿ ಗೀರಿ ಬಾಯಿಗೆ ಹಿಡಿದರೆ ಆರಿಹೋಗುತ್ತದೆ. ಹುಡುಗರು ಇದಕ್ಕೆ ಬೆರಗಾಗುತ್ತಾರೆ, ಅವರ ಅಜ್ಜಂದಿರು ಆಗುತ್ತಿರಲಿಲ್ಲ. ಜೋಳ ತುಂಬಿಡುವ ನೆಲದಡಿಯ ಹಗೇವು ತೆರೆದಾಗ ಒಳಗೆ ದೀಪ ಇಳಿಬಿಟ್ಟು, ಅದು ಉರಿದರಷ್ಟೇ ಇಳಿಯುವ ಪದ್ಧತಿ ಅವರದು. ಅವಸರ ಮಾಡಿದವರು ಹಗೇವಿನಲ್ಲೇ ಉಸಿರುಕಟ್ಟಿ ಸತ್ತದ್ದುಂಟು. ಭರಣಿ, ಹಗೇವು ಎರಡರಲ್ಲೂ ಇರುವುದು ಅದೇ ಇಂಗಾಲದ ಡೈಆಕ್ಸೈಡ್.

ನಮ್ಮ ಸೀಮೆಯಲ್ಲಿ ದೊಡ್ಡ ವೈರಿ ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಅಥಣಿಯಲ್ಲಿ ಭರಣಿಯನ್ನು ಸಂಧಾನಕ್ಕೆ, ಅಂದರೆ ಹುದುಗಲು, ಕೂಡಿಸಿದರೆ ಯೀಸ್ಟ್ ಬಸವಳಿದು ಖಾರ ಬಿಡುತ್ತದೆ, ಗಾಳಿಯಾಡಿದರಂತೂ ಹುಳಿ ಹಿಡಿದು ಸಿರ್ಕಾ ಆಗುತ್ತದೆ. ಹಿಂದಿನವರು ಭರಣಿಯನ್ನು ಧಾನ್ಯದ ರಾಶಿಯಲ್ಲಿ ಹೂತಿಡುತ್ತಿದ್ದುದು ಹಗಲು ರಾತ್ರಿ ಒಂದೇ ಹದ ಇರಲೆಂದು. ನಾನು ದೀಪಾವಳಿ ಕಳೆದ ಮೇಲೆ ಕೂಡಿಸುತ್ತೇನೆ.

ಮೆಥನಾಲ್ ಭಯವನ್ನೂ ಹುಡುಗರು ಎತ್ತುತ್ತಾರೆ. ಜೇನಿನಲ್ಲಿ ಪೆಕ್ಟಿನ್ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಹುದುಗಿನಿಂದ ಆ ವಿಷ ಹುಟ್ಟುವುದೂ ನಗಣ್ಯ. ಕಳ್ಳಭಟ್ಟಿಯ ಸಾವುಗಳ ಹಿಂದೆ ಹೆಚ್ಚಾಗಿ ಇರುವುದು ಕೈಗಾರಿಕೆಯ ಮೆಥನಾಲ್ ಬೆರಕೆ.

ತಿಂಗಳಾಗುವ ಹೊತ್ತಿಗೆ ಸದ್ದು ನಿಲ್ಲುತ್ತದೆ, ಹೂವು ತಳ ಸೇರುತ್ತದೆ, ಗೀರಿದ ಕಡ್ಡಿ ಆರದೆ ಉರಿಯುತ್ತದೆ. ತಿಳಿಯನ್ನಷ್ಟೇ ಬಸಿದು ಬಾಟಲಿಗೆ ಕಂಠಮಟ್ಟ ತುಂಬಿಡುತ್ತೇನೆ. ಅಗ್ನಿಮಾಂದ್ಯದವರಿಗೆ ಊಟವಾದ ಮೇಲೆ 15 ಮಿಲಿ, ಅಷ್ಟೇ ನೀರು ಬೆರೆಸಿ. ಗರ್ಭಿಣಿಯರಿಗೂ ಮಧುಮೇಹಿಗಳಿಗೂ ಕೊಡುವುದಿಲ್ಲ.