ಹಸ್ತ ಮಳೆ ಹೊತ್ತಿಗೆ ಮಸುಕಾಗುವ ಮೋಡದ ಚಿತ್ರ

ಯಲಬುರ್ಗಾ, ಕುಷ್ಟಗಿ ಸೀಮೆಯ ಎರಿ ಹೊಲಗಳಲ್ಲಿ ಬಿಳಿಜೋಳ, ಕಡಲೆ ಬಿತ್ತನೆಗೆ ಉತ್ತರೆ, ಹಸ್ತ ಮಳೆಗಳೇ ಆಧಾರ. ಬಿತ್ತಬೇಕೋ ಕಾಯಬೇಕೋ ಎಂದು ರಾತ್ರಿ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುವ ರೈತರಿಗೆ ಒಂದು ಮಾತು ಗೊತ್ತಿರಬೇಕು: ವರ್ಷದಲ್ಲಿ ಎರಡು ಸಲ ಚಿತ್ರ ಕೆಡುವ ಕಾಲ ಬರುತ್ತದೆ. ಅದರಲ್ಲೊಂದು ಇದೇ ಹಿಂಗಾರಿ ಹಂಗಾಮು.

ಹವಾಮಾನ ಇಲಾಖೆಗೆ ಚಿತ್ರ ಕಳಿಸುವ ಉಪಗ್ರಹಗಳಾದ ಇನ್ಸಾಟ್-3ಡಿಆರ್ 2016ರಲ್ಲಿ, ಇನ್ಸಾಟ್-3ಡಿಎಸ್ 2024ರಲ್ಲಿ ಹಾರಿದವು. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇಂಥ ಉಪಗ್ರಹಗಳನ್ನು ಹಾಸನದ ಇಸ್ರೊ ಕೇಂದ್ರ 1982ರಿಂದ ನಿಯಂತ್ರಿಸುತ್ತಿದೆ.

ಸೆಪ್ಟೆಂಬರ್ 23ರ ಆಸುಪಾಸು ಸೂರ್ಯ ಸಮಭಾಜಕದ ನೇರಕ್ಕೆ ಬರುತ್ತಾನೆ. ಅದರ ಹಿಂದೆ ಮುಂದೆ ಮೂರು ಮೂರು ವಾರ, ನಡುರಾತ್ರಿಯಲ್ಲಿ ಭೂಮಿ ಅಡ್ಡ ಬಂದು ಉಪಗ್ರಹಕ್ಕೆ ಗ್ರಹಣ ಹಿಡಿಯುತ್ತದೆ. ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತು ಬ್ಯಾಟರಿಯೇ ಗತಿ. ಚಿತ್ರಕ್ಕೆ ಪೆಟ್ಟು ಬೀಳುವುದು ಗ್ರಹಣದ ಆಚೆ ಈಚೆ. ಸೂರ್ಯ ಭೂಮಿಯ ಅಂಚಿನಲ್ಲಿ ಇಣುಕಿದಾಗ, ಎದುರು ಬಂದ ಲಾರಿಯ ಹೆಡ್‌ಲೈಟ್ ಕಣ್ಣಿಗೆ ಹೊಡೆದಂತೆ, ಬಿಸಿಲು ನೇರ ಉಪಗ್ರಹದ ದೂರದರ್ಶಕದೊಳಗೆ ನುಗ್ಗುತ್ತದೆ. ರಾತ್ರಿಯ ಕೆಳಮೋಡ, ಮಂಜು ಗುರುತಿಸಲು ನೆರವಾಗುವ 3.9 ಮೈಕ್ರಾನ್ ಅಲೆಯ ಚಿತ್ರ ಹೆಚ್ಚು ಹಾಳಾಗುತ್ತದೆ. ಆ ಅಲೆಯಲ್ಲಿ ನೆಲದಿಂದ ಬರುವ ಕಿರಣ ಬಲು ಕ್ಷೀಣ, ಸೂರ್ಯನದು ಪ್ರಬಲ. ಉಪಕರಣವೂ ಕಾದು ತಣಿಯುವುದರಿಂದ ಉಷ್ಣತೆಯ ಲೆಕ್ಕವೂ ಅಷ್ಟಿಷ್ಟು ತಪ್ಪುತ್ತದೆ. ಮಾರ್ಚ್ 21ರ ಆಸುಪಾಸು ಮತ್ತೆ ಇದೇ ಕಥೆ.

ಹಗಲಿನ ಅಡಚಣೆ ಬೇರೆ. ಮಾರ್ಚ್ ಮೊದಲ ಭಾಗ, ಅಕ್ಟೋಬರ್ ಆರಂಭದ ಕೆಲವು ದಿನ ಮಧ್ಯಾಹ್ನ ಸೂರ್ಯ ಉಪಗ್ರಹದ ಬೆನ್ನಿಗೇ ಬಂದು, ಚಿತ್ರ ಪಡೆಯುವ ದೆಹಲಿಯ ಡಿಶ್‌ಗೆ ಸಂಕೇತದ ಜೊತೆ ಅವನ ಗದ್ದಲವೂ ಸೇರುತ್ತದೆ. ಕೆಲವೇ ನಿಮಿಷದ ಮಾತು.

ಇನ್ನು ಪ್ರತಿ ರಾತ್ರಿಯೂ ಚಿತ್ರ ಒರಟೇ. ಹಗಲು ಬೆಳಕಿನ ಚಿತ್ರದ ಒಂದು ಚುಕ್ಕಿ 1 ಕಿ.ಮೀ. ಅಗಲ, ಅಂದರೆ ಸುಮಾರು 250 ಎಕರೆ. ರಾತ್ರಿ ಉಳಿಯುವ ಉಷ್ಣಚಿತ್ರದಲ್ಲಿ ಚುಕ್ಕಿ 4 ಕಿ.ಮೀ.; ಸುಮಾರು 4,000 ಎಕರೆಗೆ ಒಂದೇ ಬಣ್ಣ. ಗಂಗಾವತಿಯ ಕೊಯ್ಲಾದ ಭತ್ತದ ಮೇಲೆ ಸುರಿಯುವ ಒಂದು ಸಣ್ಣ ಮೋಡ ಅದರಲ್ಲಿ ಕರಗಿಹೋಗಬಹುದು.

ಆದ್ದರಿಂದ ಮೊದಲು ಚಿತ್ರದ ಮೇಲಿನ ಸಮಯ ಓದಿ. ಜಿಎಂಟಿ ಎಂದಿದ್ದರೆ ಐದೂವರೆ ತಾಸು ಕೂಡಿಸಿ. 19:00 ಎಂದರೆ ನಮಗೆ ರಾತ್ರಿ ಹನ್ನೆರಡೂವರೆ, ಗ್ರಹಣದ ಹೊತ್ತು. ಚಿತ್ರ ನಂಬಲಾಗದಾಗ ನೋಡಲು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ. ಬಿದ್ದ ಮಳೆಯ ಲೆಕ್ಕವನ್ನು ಅವು 15 ನಿಮಿಷಕ್ಕೊಮ್ಮೆ ಕಳಿಸುತ್ತವೆ, ಅದಕ್ಕೆ ಗ್ರಹಣವಿಲ್ಲ.